ಹುಂಜದ ಕೊಲೆಗೆ ರೋಮಿನ ವಕಾಲತ್ತು

ನಾನು ನಿಂತಿದ್ದದ್ದು ಮೆಸ್ಸಿನ ಒಳಗೆ, ಊಟದ ಮೇಜಿನ ಮುಂದೆ, ನೀರಿನ ಕೂಲರಿಗೆ ಬೆನ್ನು ತಾಗುವ ಹಾಗೆ. ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಶುಕ್ರವಾರ, ಜುಮಾ ನಮಾಜು ಮುಗಿದು ಇನ್ನೂ ಊಟಕ್ಕೆ ಕೂರದ ಹೊತ್ತು. ಊರು ಸೌದಿಯ ಹಾಯಿಲ್, ಸರಿಯಾಗಿ ಹೇಳಬೇಕೆಂದರೆ ಹಾಯಿಲ್‌ನಿಂದ ಬಹಳ ಆಚೆಯ ಒಂದು ಗೋಧಿ ಫಾರ್ಮು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕತೆಯನ್ನು ಮಂಗಳೂರಿನ ಕಡೆ ಹಲವರು ಕಣ್ಣಾರೆ ಕಂಡಂತೆ ಹೇಳುತ್ತಾರೆ. ಅವರಲ್ಲಿ ಹೆಚ್ಚಿನವರು ಆಗ ಜಿದ್ದಾದಲ್ಲಿದ್ದರು.

ಇಂದು ಬೆಳಿಗ್ಗೆ ಪಕ್ಕದ ಮನೆಯ ಹಿತ್ತಲಿನಿಂದ ಕೋಳಿಯ ಪುಕ್ಕ ಸುಟ್ಟ ವಾಸನೆ ಬಂತು. ನನ್ನ ಕೈಯಲ್ಲಿದ್ದ ಚಹಾ ಸ್ವಲ್ಪ ಚೆಲ್ಲಿತು. ಇಷ್ಟು ವರ್ಷಗಳ ಮೇಲೂ ಆ ವಾಸನೆಗೆ ಬೆಚ್ಚುತ್ತೇನೆಂದರೆ ನಿಮಗೆ ನಗು ಬರಬಹುದು. ನಗಿ, ತೊಂದರೆಯಿಲ್ಲ.

ಮುದೀರ್ ಎಂದರೆ ಮ್ಯಾನೇಜರ್. ನಮ್ಮ ಮುದೀರ್ ಈಜಿಪ್ಟಿನವರು. ಫಾರ್ಮಿನ ಮಾಲಕ, ಅಂದರೆ ನಮಗೆಲ್ಲ ವೀಸಾ ಕೊಟ್ಟ ಕಫೀಲ್, ಅವರಿಗೊಂದು ಹುಂಜ ಉಡುಗೊರೆ ಕೊಟ್ಟಿದ್ದರು. ಮೈ ಕೆಂಪು, ಕುತ್ತಿಗೆ ಮಾತ್ರ ಬಂಗಾರದ ಬಣ್ಣ. ಕಫೀಲ್ ಬಂದಾಗಲೆಲ್ಲ ಮೊದಲು ಹುಂಜದ ಕ್ಷೇಮ, ಆಮೇಲೆ ಮುದೀರರದು. ಆ ಸೋಮವಾರ ಹುಂಜ ಕಾಣೆಯಾಯಿತು. ಮರುದಿನ ಅಡುಗೆಮನೆಯ ಹಿಂದೆ ಅರೆಸುಟ್ಟ ಬಂಗಾರದ ಪುಕ್ಕಗಳು ಸಿಕ್ಕವು.

ಅಡುಗೆಯವರು ಮೋನಾಕ, ಉಪ್ಪಿನಂಗಡಿ ಕಡೆಯ ಬ್ಯಾರಿಗಳು. ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮುದೀರ್ ಚುಟುಕಾಗಿ ಹೇಳಿದರು: ಶುಕ್ರವಾರ ವಿಚಾರಣೆ, ಕೊಂದವನು ಇವನೇ ಎಂದಾದರೆ ಶನಿವಾರ ಪಾಸ್‌ಪೋರ್ಟಿಗೆ ಎಕ್ಸಿಟ್ ಹೊಡೆದು ಊರಿಗೆ.

"ಹೆದರಬೇಡಿ ಮಾರಾಯ್ರೆ, ನಾನಿದ್ದೇನೆ," ಎಂದರು ನಮ್ಮ ಆಫೀಸಿನ ವಿಠಲಣ್ಣ.

ವಿಠಲಣ್ಣ ಊರಲ್ಲಿ ಕಾನೂನು ಓದಲು ಹೊರಟು, ರೋಮನ್ ಕಾನೂನಿನ ಪೇಪರಿನಲ್ಲಿ ಫೇಲಾಗಿ ಗಲ್ಫಿಗೆ ಬಂದವರು. ಫೇಲಾದ ವಿಷಯದ ಮೇಲೆ ಮನುಷ್ಯನಿಗೆ ಹುಟ್ಟುವ ಪ್ರೀತಿ ಪಾಸಾದದ್ದರ ಮೇಲೆ ಹುಟ್ಟುವುದಿಲ್ಲ. ಎರಡು ಸಾವಿರ ವರ್ಷ ಹಿಂದೆ ರೋಮಿನಲ್ಲಿ ಕೊಲೆ ಆರೋಪಿಗಳ ಪರವಾಗಿ ವಕೀಲರು ಹೇಗೆ ಮಾತಾಡಿ ಗೆಲ್ಲುತ್ತಿದ್ದರೆಂದು ಅವರು ನಮಗೆ ಅನ್ನ ಕಲಸುವಾಗಲೂ ಹೇಳುತ್ತಿದ್ದರು. ಮೇಲಾಗಿ ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದ ನಾಲಗೆ. ಮರುಭೂಮಿಯಲ್ಲಿ ಎದುರಾಳಿಯಿಲ್ಲದೆ ತುಕ್ಕು ಹಿಡಿಯುತ್ತಿತ್ತು.

ತಯಾರಿ ಬುಧವಾರವೇ ಶುರುವಾಯಿತು.

"ಗಡ್ಡ ಬೋಳಿಸಬಾರದು. ಕೊಳಕು ಅಂಗಿಯೇ ಹಾಕಬೇಕು. ರೋಮಿನಲ್ಲಿ ಆರೋಪಿಗಳು ಹಾಗೆಯೇ ಬರುವುದು, ನೋಡಿದವರ ಕರುಳು ಚುರ್ರೆನ್ನಬೇಕು. ಮತ್ತೆ, ಬಾಯಿ ಬಿಡಬಾರದು. ಮಾತು ನನ್ನದು, ಅಳು ನಿಮ್ಮದು."

"ಅಲ್ಲ ವಿಠಲಣ್ಣ, ನನಗೆ ಒಂದು ಹೇಳಲಿಕ್ಕುಂಟು..."

"ಹೇಳಲಿಕ್ಕಿಲ್ಲ! ಗೊತ್ತುಂಟಾ, ಅಪ್ಪನನ್ನು ಕೊಂದವನನ್ನು ಅಲ್ಲಿ ಗೋಣಿಯಲ್ಲಿ ಹಾಕಿ, ಹೊಲಿದು, ಹೊಳೆಗೆ ಬಿಸಾಡುತ್ತಿದ್ದರು. ಒಳಗೆ ಅವನ ಜೊತೆಗೆ ಒಂದು ನಾಯಿ, ಒಂದು ಹಾವು, ಒಂದು ಮಂಗ, ಒಂದು ಹುಂಜ."

ಮೋನಾಕ ಯೋಚಿಸಿದರು. "ಇಲ್ಲಿ ಈಗ ಹುಂಜ ಎಲ್ಲುಂಟು?"

ಆಗಲಾದರೂ ವಿಠಲಣ್ಣನಿಗೆ ಸಂಶಯ ಬರಬೇಕಿತ್ತು. "ಹೊಳೆಯೂ ಇಲ್ಲ," ಎಂದು ಅವರು ಸಮಾಧಾನ ಹೇಳಿದರು.

ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ, ಅರಬಿ ಬರುತ್ತಿತ್ತು. ಹಾಗಾಗಿ ವಿಠಲಣ್ಣ ಕನ್ನಡದಲ್ಲಿ ವಾದಿಸುವುದು, ನಾನು ಮುದೀರರಿಗೆ ಅರಬಿಯಲ್ಲಿ ಹೇಳುವುದು ಎಂದಾಯಿತು. ನನ್ನ ಅರಬಿ ಪೈಪು, ನಟ್ಟು, ಚೀಲಗಳ ಆಚೆಗೆ ಹೋಗಿದ್ದಲ್ಲ. ಶುಕ್ರವಾರ ಮೆಸ್ಸಿನಲ್ಲಿ ಮುದೀರರ ಮುಂದೆ ವಿಠಲಣ್ಣ ಎದ್ದು ನಿಂತರು.

"ನ್ಯಾಯಾಧಿಪತಿಗಳೇ! ಈ ಕೈಗಳನ್ನು ನೋಡಿ! ಮುಂಜಾನೆಯ ಕೊರೆಯುವ ಚಳಿಯಲ್ಲಿ ಪರರ ಹಸಿವಿಗಾಗಿ ರೊಟ್ಟಿ ತಟ್ಟಿದ ಈ ಕೈಗಳು ಒಂದು ಮೂಕಪ್ರಾಣಿಯ ಕುತ್ತಿಗೆಗೆ ಹೋದಾವೇ?"

ದಿನಾ ಕೋಳಿ ಕೊಯ್ಯುವವರ ಬಗ್ಗೆ ಹೀಗೆ ಹೇಳಲು ಧೈರ್ಯ ಬೇಕು. ನಾನು ಅರಬಿಯಲ್ಲಿ, "ಇವರು ರೊಟ್ಟಿ ಮಾಡುತ್ತಾರೆ," ಎಂದೆ.

ರೋಮಿನಲ್ಲಿ ವಕೀಲರು ಆರೋಪಿಯ ಅಂಗಿ ಹರಿದು, ಯುದ್ಧದ ಗಾಯಗಳನ್ನು ತೋರಿಸಿ ಗೆದ್ದದ್ದುಂಟಂತೆ. ವಿಠಲಣ್ಣ ಒಮ್ಮೆಲೇ ಮೋನಾಕರ ಅಂಗಿಯನ್ನು ಭುಜದಿಂದ ಪರ್ರನೆ ಹರಿದರು. "ಈ ಗಾಯ ಮಾತಾಡಲಿ!"

"ಅದು ಹಲಸಿನ ಮರದಿಂದ ಬಿದ್ದದ್ದು," ಎಂದರು ಮೋನಾಕ, ಮೆಲ್ಲಗೆ.

ಕೇಳಿದ್ದನ್ನು ಹೇಳುವುದು ನನ್ನ ಕೆಲಸ. "ಮರದಿಂದ ಬಿದ್ದಿದ್ದಾರೆ," ಎಂದೆ.

ಮುದೀರ್ ಕಿಟಕಿಯಾಚೆಯ ಮರಳನ್ನೊಮ್ಮೆ ನೋಡಿದರು. "ಯಾವ ಮರ?"

ವಿಠಲಣ್ಣ ಕೊನೆಯ ಬಾಣಕ್ಕೆ ಬಂದರು. "ಈ ಸಾವಿನಿಂದ ಲಾಭ ಯಾರಿಗೆ? ಲಾಭವಾದವನೇ ಕೊಂದವನು! ಹೇಳಿ, ಯಾರಿಗೆ ಲಾಭ?" ಎಂದು ಕೈ ಎತ್ತಿ, ತಾಳಮದ್ದಳೆಯಲ್ಲಿ ಎದುರಾಳಿಗೆ ಬಿಡುವಂತೆ, ಒಂದು ಗಳಿಗೆ ಬಿಟ್ಟರು.

ಆ ಗಳಿಗೆಯಲ್ಲಿ ಮೋನಾಕ ಬಾಯಿಬಿಟ್ಟರು. "ಎಲ್ಲರಿಗೂ ಲಾಭವೇ ಅಲ್ವಾ? ಸೋಮವಾರದ ಕೋಳಿ ಸುಕ್ಕ ಅದರದ್ದೇ. ಮುದೀರ್ ಎರಡು ಸಲ ಹಾಕಿಸಿಕೊಂಡರು!"

ಕನ್ನಡ ಬಲ್ಲವರೆಲ್ಲ ನೆಲ ನೋಡಿದರು. "ಏನೆಂದ?" ಎಂದು ಮುದೀರ್ ನನ್ನ ಕಡೆ ತಿರುಗಿದರು.

"ಎಂತ ಇಲ್ಲ ಅಂತ ಹೇಳು ಮಾರಾಯ," ಎಂದರು ವಿಠಲಣ್ಣ, ತುಟಿ ಅಲುಗಿಸದೆ.

ಸುಳ್ಳು ಕಟ್ಟುವಷ್ಟು ಅರಬಿ ನನಗೆ ಬರುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಎರಡು ಸಲ ಎಂಬುದನ್ನೂ ಸೇರಿಸಿ, ಹೇಳಿದೆ.

ಮುದೀರರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಹಲಾಲ್?" ಎಂದರು.

ಆ ಮಾತಿಗೆ ನನ್ನ ಭಾಷಾಂತರ ಬೇಕಿರಲಿಲ್ಲ. "ಬಿಸ್ಮಿ ಹೇಳಿಯೇ ಕೊಯ್ದದ್ದು!" ಎಂದರು ಮೋನಾಕ. "ನೀರಿನ ಟ್ಯಾಂಕರಿನ ಚಕ್ರಕ್ಕೆ ಸಿಕ್ಕಿ ಒದ್ದಾಡುತ್ತಿತ್ತು. ಜೀವ ಹೋಗುವ ಮೊದಲು ಕೊಯ್ದೆ. ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ. ಬುಧವಾರವೇ ಹೇಳುವ ಅಂತ ಇದ್ದೆ, ಇವರು ಬಿಟ್ಟರೆ ಅಲ್ವಾ?"

ಅದನ್ನೂ ಹೇಳಿದೆ. ಕಫೀಲ್ ಬಂದು ಕೇಳಿದರೆ, ನೀವು ಕೊಟ್ಟ ಹುಂಜವನ್ನು ಎರಡು ಸಲ ಹಾಕಿಸಿಕೊಂಡೆ ಎನ್ನಲು ಯಾವ ಮುದೀರರಿಗೂ ಆಗದು. ನಮ್ಮ ಮುದೀರ್ ಎದ್ದು ತೀರ್ಪು ಕೊಟ್ಟರು: "ಹುಂಜ ಓಡಿಹೋಗಿದೆ."

ಕಫೀಲರಿಂದ ತಪ್ಪಿಸಿಕೊಂಡು ಹೋದ ಕೆಲಸಗಾರರ ಬಗ್ಗೆ ಆಡುವ ಮಾತು ಅದು. "ಹೋದದ್ದನ್ನು ಯಾರಾದರೂ ನೋಡಿದ್ದೀರಾ?" ಯಾರೂ ನೋಡಿರಲಿಲ್ಲ. "ಯಲ್ಲಾ, ಊಟ."

ತಾನು ರೋಮಿನ ರೀತಿಯಲ್ಲಿ ಒಂದು ಕೊಲೆ ಕೇಸು ಗೆದ್ದೆನೆಂದು ವಿಠಲಣ್ಣ ಸಾಯುವ ತನಕ ಹೇಳಿದರು. ನಾನು ಅಷ್ಟೂ ವರ್ಷ ಒಳಗೊಳಗೇ ನಕ್ಕೆ. ಇಂದು ಚಹಾ ಒರೆಸಿದ ಮೇಲೆ ಮೋನಾಕರಿಗೆ ಫೋನು ಮಾಡಿ, "ವಿಠಲಣ್ಣ ನಿಮ್ಮನ್ನು ಮುಳುಗಿಸಿಯೇ ಬಿಡುತ್ತಿದ್ದರಲ್ಲ?" ಎಂದೆ.

"ನೀವು ಅರಬಿ ಹುಡುಕುತ್ತಿದ್ದಿರಿ, ನಾನು ಮುದೀರರ ಕೈ ನೋಡುತ್ತಿದ್ದೆ," ಎಂದರು ಮೋನಾಕ. "ಬರುವಾಗ ಎಕ್ಸಿಟಿಗೆಂದು ಅವರ ಕೈಯಲ್ಲಿ ನನ್ನ ಪಾಸ್‌ಪೋರ್ಟ್ ಇತ್ತು. ಹಲಸಿನ ಮರದ ಹೊತ್ತಿಗೆ ಅವರಿಗೆ ನಗು ತಡೆಯಲಿಕ್ಕಾಗದೆ ಅದನ್ನು ಜೇಬಿಗೆ ಹಾಕಿ ಬಾಯಿ ಒರೆಸಿಕೊಂಡರು. ಅದಕ್ಕಿಂತ ಮೊದಲು ನಿಜ ಹೇಳಿದ್ದರೆ ಕೇಳುವವರು ಯಾರು?"

ಪಾಸ್‌ಪೋರ್ಟನ್ನು ನಾನು ಕಂಡಿರಲಿಲ್ಲ. ಅಷ್ಟು ಹತ್ತಿರ ನಿಂತೂ ಕಂಡಿರಲಿಲ್ಲ. ಆದ್ದರಿಂದ ತಿದ್ದಿ ಬರೆಯುತ್ತಿದ್ದೇನೆ: ಆ ಕೇಸು ವಿಠಲಣ್ಣನೇ ಗೆದ್ದದ್ದು. ಕಂಡವರಲ್ಲಿ, ನನಗೆ ತಿಳಿದ ಮಟ್ಟಿಗೆ, ಇನ್ನೂ ಬದುಕಿರುವವರು ಇಬ್ಬರು: ಉಪ್ಪಿನಂಗಡಿಯಲ್ಲಿ ಮೋನಾಕ, ಇಲ್ಲಿ ನಾನು.