ತಟ್ಟೆಗೆ ಬೆರಳು ಹಾಕದವಳು

ನಮ್ಮ ದೊಡ್ಡಮ್ಮನಿಗೆ ಚಹಾ ಕೊಡುವಾಗ ಲೋಟವನ್ನು ಅರ್ಧ ಮಾತ್ರ ತುಂಬಬೇಕು. ಪೂರ್ತಿ ತುಂಬಿದರೆ ಬಾಯಿಗೆ ಹೋಗುವುದಕ್ಕಿಂತ ಮಡಿಲಿಗೆ ಬೀಳುವುದೇ ಹೆಚ್ಚು. ಕೈ ಅಷ್ಟು ನಡುಗುತ್ತದೆ. ನೋಡಲು ಬಂದವರು "ಪಾಪ, ವಯಸ್ಸಾಯ್ತಲ್ಲ" ಎನ್ನುತ್ತಾರೆ. ವಯಸ್ಸಂತೆ! ಅವಳಿಗಿಂತ ಆರು ವರ್ಷ ದೊಡ್ಡವಳಾದ ಪಕ್ಕದ ಮನೆಯ ಅಜ್ಜಿ ಇವತ್ತಿಗೂ ಸೂಜಿಗೆ ದಾರ ಪೋಣಿಸುತ್ತಾಳೆ. ದೊಡ್ಡಮ್ಮನ ಕೈ ಕೆಡಿಸಿದ್ದು ವಯಸ್ಸಲ್ಲ, ಗಣಿ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹೇಳಿ ಹೇಳಿಯೇ ನನ್ನ ಶಾಲೆಯಲ್ಲಿ ನನಗೆ ಸಿಡುಕು ಟೀಚರ್ ಎಂಬ ಹೆಸರು ಬಂದಿದೆ.

ಗಣಿ ಎಂದರೆ ಸುರಂಗ, ದೀಪ ಕಟ್ಟಿದ ಟೋಪಿ ಎಂದುಕೊಳ್ಳಬೇಡಿ. ನಮ್ಮದು ನದಿ ದಂಡೆಯ ಗಣಿ. ಇಲ್ಲಿ ಚಿನ್ನ ಮರಳಿನಲ್ಲೇ ಬೆರೆತಿತ್ತು. ಮೊದಲು ಜನ ಅಕ್ಕಿ ಜಾಲಿಸಿದ ಹಾಗೆ ತಟ್ಟೆಯಲ್ಲಿ ಮರಳು ಜಾಲಿಸಿ ಕಣ ತೆಗೆಯುತ್ತಿದ್ದರು. ಆಮೇಲೆ ಕಂಪನಿ ಬಂತು. ಉದ್ದದ ಮರದ ಕಾಲುವೆ ಕಟ್ಟಿ, ಅದರ ತಳದ ಅಡ್ಡಪಟ್ಟಿಗಳ ಹಿಂದೆ ಪಾದರಸ ಸುರಿದು, ಮೇಲಿನಿಂದ ಮರಳು ನೀರು ಹರಿಸಿದರು. ಪಾದರಸ ಚಿನ್ನವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬರೀ ಮರಳು ಕೆಳಗೆ ಹೋಗುತ್ತದೆ. ಅದರ ಜೊತೆ ಒಂದಿಷ್ಟು ಪಾದರಸವೂ ಹೋಗುತ್ತದೆ. ಆ ಒಂದಿಷ್ಟು ಎಷ್ಟೆಂದು ಯಾವ ಮಹಾರಾಯನೂ ಕೇಳಲಿಲ್ಲ. ಕೊನೆಗೆ ನೀರಿನಲ್ಲಿ ತೇಲುವ, ಎರಡು ಮಹಡಿಯಷ್ಟು ಎತ್ತರದ ಅಗೆಯುವ ಯಂತ್ರ ತಂದು ದಂಡೆಯನ್ನೇ ಗಬಗಬನೆ ತಿನ್ನಿಸಿದರು. ಚಿನ್ನ ಕಡಿಮೆಯಾದ ವರ್ಷ ಕಂಪನಿ ಕುರ್ಚಿ, ಫ್ಯಾನು, ಗೋಡೆ ಗಡಿಯಾರದ ಸಮೇತ ಜಾಗ ಖಾಲಿ ಮಾಡಿತು. ಯಂತ್ರ ಮಾತ್ರ ಉಳಿಯಿತು. ತಾನೇ ತೋಡಿದ ಹೊಂಡದಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡು ತುಕ್ಕು ಹಿಡಿಯುತ್ತಿದೆ. ಬಿಚ್ಚಲು ಬಂದಷ್ಟು ತಗಡನ್ನು ಊರವರು ಬಿಚ್ಚಿಕೊಂಡಿದ್ದಾರೆ, ಉಳಿದದ್ದರಲ್ಲಿ ಪಾರಿವಾಳಗಳು ಸಂಸಾರ ಹೂಡಿವೆ. ಸುತ್ತ ತೊಳೆದು ಬಿಟ್ಟ ಮರಳಿನ ದಿಬ್ಬಗಳು. ಅವುಗಳ ಮೇಲೆ ಹುಲ್ಲು ಕೂಡ ಹುಟ್ಟುವುದಿಲ್ಲ.

ದೊಡ್ಡಮ್ಮ ಇಪ್ಪತ್ತೆಂಟು ವರ್ಷ ಆ ಗಣಿಯ ಕೊನೆಯ ಶೆಡ್ಡಿನಲ್ಲಿ ಕೆಲಸ ಮಾಡಿದಳು. ಪಾದರಸದ ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿ ಬರಿಗೈಯಲ್ಲಿ ಹಿಂಡುವುದು, ಉಳಿದ ಗಟ್ಟಿಯನ್ನು ಕಬ್ಬಿಣದ ಹಂಚಿನ ಮೇಲೆ ಕಾಯಿಸುವುದು, ಕಪ್ಪು ಮರಳನ್ನು ತಟ್ಟೆಯಲ್ಲಿ ಕೊನೆಯ ಸಲ ಜಾಲಿಸುವುದು. ಕಿಟಕಿ ತೆರೆಯುವಂತಿರಲಿಲ್ಲ. ಗಾಳಿಗೆ ಚಿನ್ನದ ಪುಡಿ ಹಾರಿ ಹೋದರೆ! ಪಾದರಸದ ಹೊಗೆ ಹೆಂಗಸರ ಎದೆಯೊಳಗೆ ಹೋದರೆ ಕಂಪನಿಯ ಗಂಟೇನೂ ಹೋಗುವುದಿಲ್ಲವಲ್ಲ. ದಿನಾ ಬೆಳಿಗ್ಗೆ ಬಾಗಿಲಲ್ಲಿ ಮೇಸ್ತ್ರಿ ಒಬ್ಬೊಬ್ಬರ ಉಗುರನ್ನೂ ಚರ್ಮದವರೆಗೆ ಕತ್ತರಿಸುತ್ತಿದ್ದ, ಉಗುರಿನ ಸಂದಿಯಲ್ಲಿ ಕಣ ಸಾಗಿಸುತ್ತಾರೆಂದು. ಜಾಲಿಸುವಾಗ ತಟ್ಟೆಯೊಳಗೆ ಬೆರಳು ಹೋದರೆ ಗೆಣ್ಣಿನ ಮೇಲೆ ಬೆತ್ತದ ಏಟು. ದೊಡ್ಡಮ್ಮನಿಗೆ ಬಿದ್ದದ್ದು ಒಂದೇ ಏಟು, ಹದಿನೇಳನೇ ವಯಸ್ಸಿನಲ್ಲಿ. ಗಣಿಯಲ್ಲಿದ್ದಷ್ಟು ದಿನ ಮತ್ತೆ ಅವಳು ತಟ್ಟೆಗೆ ಬೆರಳು ಹಾಕಲಿಲ್ಲ.

ಹೋದ ವರ್ಷ ನಮ್ಮ ಶಾಲೆಯ ತಗ್ಗು ಅಂಗಳವನ್ನು ತುಂಬಿಸಲು ಗುತ್ತಿಗೆದಾರ ಆ ದಿಬ್ಬದ ಮರಳನ್ನೇ ತಂದು ಸುರಿದ. ಬೆಳ್ಳಗೆ, ನುಣ್ಣಗೆ ಇತ್ತು. ಮಕ್ಕಳು ಅದರಲ್ಲಿ ಮನೆ ಕಟ್ಟಿದರು, ಚಿಕ್ಕವು ಬಾಯಿಗೂ ಹಾಕಿಕೊಂಡವು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಮರಳು ಅಂಗಳದಿಂದ ಹೋಗಲೇಬೇಕೆಂದು ಐದು ಅರ್ಜಿ ಬರೆದೆ. ಆರನೆಯದಕ್ಕೆ ಗಣಿ ಇಲಾಖೆಯ ಇಂಜಿನಿಯರ್ ಬಂದ, ಬೂಟಿನ ತುದಿಯಿಂದ ಮರಳು ಕೆದಕಿ ನಕ್ಕ.

"ಇಷ್ಟು ಚೆನ್ನಾಗಿರೋ ಮರಳಿಗೆ ಯಾಕೆ ಮೇಡಂ ಹೆಸರಿಡ್ತೀರಾ? ಪಾದರಸ ಇದೆ ಅನ್ನೋದಕ್ಕೆ ಪುರಾವೆ ಏನು?"

"ಇಲ್ಲೇ ಇರಿ, ಕರ್ಕೊಂಡು ಬರ್ತೀನಿ" ಎಂದು ಮನೆಗೆ ಓಡಿದೆ.

ದೊಡ್ಡಮ್ಮ ಮಂಚದ ಕೆಳಗಿನ ಹಳೇ ತಟ್ಟೆಯನ್ನು ತಾನೇ ಎಳೆದುಕೊಂಡಳು. ಶಾಲೆಯ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಕುಕ್ಕರಗಾಲಿನಲ್ಲಿ ಕೂತು, ತಟ್ಟೆಗೆ ಮರಳು ತುಂಬಿ ನೀರಿಗೆ ಇಳಿಸಿದಳು. ಲೋಟ ಹಿಡಿಯಲಾರದ ಆ ಕೈಗಳ ನಡುಕ ನೀರು ಮುಟ್ಟಿದ ಕೂಡಲೇ ನಿಂತುಹೋಯಿತು! ಒಂದು ಸುತ್ತು, ಒಂದು ವಾಲಿಕೆ. ಬಿಳಿ ಮರಳು ಹೋಯಿತು. ಕಪ್ಪು ಮರಳು ಹೋಯಿತು. ತಳದಲ್ಲಿ ಸಾಸಿವೆಯಷ್ಟು ಬೆಳ್ಳಿ ಹನಿಗಳು ಓಡಾಡಿದವು.

"ನೋಡಿ ಸಾಹೇಬ್ರೇ, ಪಾದರಸ" ಎಂದಳು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಇಪ್ಪತ್ತೆಂಟು ವರ್ಷದ ಅಭ್ಯಾಸ ಕೇಳಬೇಕಲ್ಲ. ಕೈ ಇನ್ನೊಂದು ಸುತ್ತು ತಿರುಗಿಸಿ, ಅಂಚನ್ನು ಮೆಲ್ಲಗೆ ತಟ್ಟಿತು. ಪಾದರಸದ ಕೈಗೆ ಸಿಗದೆ ಉಳಿದಿದ್ದ ಮೂರು ಹಳದಿ ಕಣಗಳು ತಟ್ಟೆಯ ಅಂಚಿಗೆ ಸಾಲಾಗಿ ಬಂದು ನಿಂತವು. ಇಂಜಿನಿಯರ್ ಇನ್ನೂ ಕನ್ನಡಕ ಹುಡುಕುತ್ತಿದ್ದ. ಚಿನ್ನ ಕಂಡರೆ ಇವರು ಮತ್ತೆ ಗಣಿ ತೆರೆಯದೆ ಬಿಡುವುದಿಲ್ಲ.

"ದೊಡ್ಡಮ್ಮಾ, ಅದನ್ನ ಬೆರಳಲ್ಲಿ ಒರೆಸಿಬಿಡು" ಎಂದು ಕಿವಿಯಲ್ಲಿ ಉಸುರಿದೆ.

ಅವಳ ಹೆಬ್ಬೆರಳು ಅಂಚಿನವರೆಗೆ ಬಂತು, ಅಲ್ಲೇ ನಿಂತಿತು. ಒಳಗೆ ಹೋಗಲಿಲ್ಲ. ಮೇಸ್ತ್ರಿ ಸತ್ತು ಎಷ್ಟೋ ವರ್ಷವಾಗಿತ್ತು, ಅವನ ಬೆತ್ತ ಮಾತ್ರ ಸತ್ತಿರಲಿಲ್ಲ.

ಇಂಜಿನಿಯರ್ ಬಗ್ಗಿ ನೋಡಿದ. ಬೆಳ್ಳಿ ಹನಿ ಅವನ ಕಣ್ಣಿಗೆ ಬೀಳಲೇ ಇಲ್ಲ.

"ಅರೆ, ಚಿನ್ನ ಇನ್ನೂ ಇದೆಯಲ್ರೀ!"

ಐದು ಅರ್ಜಿಗೆ ಅಲುಗದ ಮರಳು ನಾಲ್ಕೇ ದಿನಕ್ಕೆ ಅಂಗಳದಿಂದ ಹೋಯಿತು, ಲಾರಿಗೆ ಟಾರ್ಪಾಲು ಹೊದಿಸಿಕೊಂಡು, ಕಾವಲುಗಾರನ ಜೊತೆ. ಹೆಡ್‌ಮಾಸ್ಟರ್ ನನಗೆ ಅಭಿನಂದನೆ ಹೇಳಿದರು. ನಾನು ಅವರ ಮುಖವನ್ನೂ ನೋಡಲಿಲ್ಲ. ಗೆದ್ದೆನೆಂದು ಯಾರಾದರೂ ಅಂದರೆ ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಎರಡು ತಿಂಗಳಲ್ಲಿ ಹೊಂಡದ ಪಕ್ಕ ಹೊಸ ಕಂಪನಿಯ ಹೊಸ ಶೆಡ್ ಎದ್ದಿತು. ದಿಬ್ಬಗಳನ್ನೆಲ್ಲ ಮತ್ತೆ ತೊಳೆಯುತ್ತಾರಂತೆ. ತೊಳೆಯಲು ಹನ್ನೊಂದು ಹುಡುಗಿಯರನ್ನು ತೆಗೆದುಕೊಂಡರು, ಎಲ್ಲರೂ ನಾನು ಅಕ್ಷರ ಕಲಿಸಿದವರು. ಅವರಿಗೆ ಜಾಲಿಸುವುದನ್ನು ಕಲಿಸಲು ಅದೇ ಇಂಜಿನಿಯರ್ ಕಂಪನಿಯ ಪರವಾಗಿ ದೊಡ್ಡಮ್ಮನನ್ನು ಕರೆಯಲು ಬಂದ. ನಾನು ಬಾಯಿಗೆ ಬಂದ ಹಾಗೆ ಬೈದೆ.

ದೊಡ್ಡಮ್ಮ ಚಪ್ಪಲಿ ಮೆಟ್ಟಿಕೊಂಡಳು. "ಸುಮ್ನಿರೇ. ನಾನೇ ಹೋಗಿ ಹೇಳ್ತೀನಿ."

ನಾನೂ ಹಿಂದೆಯೇ ಹೋದೆ. ಶೆಡ್ಡಿನಲ್ಲಿ ಹುಡುಗಿಯರು ಸುತ್ತ ನಿಂತರು. ಅವಳು ಒಂದು ತಟ್ಟೆ ಜಾಲಿಸಿದಳು, ಬೆಳ್ಳಿ ಹನಿ ತೋರಿಸಿದಳು. ಆಮೇಲೆ ತಟ್ಟೆಯನ್ನು ನೆಲಕ್ಕಿಟ್ಟು ಎರಡೂ ಕೈ ಮುಂದೆ ಚಾಚಿದಳು. ಕೈಗಳು ಥರಥರ ನಡುಗಿದವು.

"ಇದು ಅದರಿಂದ ಬಂದದ್ದು ಕಣ್ರಮ್ಮಾ. ಕಿಟಕಿ ಮುಚ್ಚಿದ್ರೆ ಒಳಗೆ ಬರಬೇಡಿ."

ಅಂಚಿನಲ್ಲಿ ಎರಡು ಹಳದಿ ಕಣಗಳಿದ್ದವು. ದೊಡ್ಡಮ್ಮ ಅವನ್ನೇ ನೋಡುತ್ತಾ ಕೂತಳು. ಆಮೇಲೆ ನಡುಗುವ ಹೆಬ್ಬೆರಳನ್ನು ತಟ್ಟೆಯೊಳಗೆ ಹಾಕಿ ಚಿನ್ನವನ್ನು ಬಾಗಿಲಾಚೆಯ ಹೊಂಡದ ನೀರಿಗೆ ಚಿಮ್ಮಿದಳು. ಇಂಜಿನಿಯರ್ "ಏಯ್!" ಎಂದು ಕೂಗಿದ. ಅವಳು ತಿರುಗಿಯೂ ನೋಡದೆ ಎದ್ದು ಬಂದಳು.

ಆ ಸಂಜೆಯೇ ನಾಲ್ಕು ಹುಡುಗಿಯರು ಕೆಲಸ ಬಿಟ್ಟರು. ಏಳು ಜನ ಈಗಲೂ ಹೋಗುತ್ತಿದ್ದಾರೆ, ಮನೆಯಲ್ಲಿ ಬೇರೆ ದಾರಿಯಿಲ್ಲವಂತೆ. ಮೊನ್ನೆ ಅವರಲ್ಲೊಬ್ಬಳು ಶಾಲೆಯ ಗೇಟಿನ ಹತ್ತಿರ ಸಿಕ್ಕಳು. ನನ್ನನ್ನು ಕಂಡು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಹಿಡಿದು ನೋಡಿದೆ. ಹತ್ತೂ ಉಗುರನ್ನು ಚರ್ಮದವರೆಗೆ ಕತ್ತರಿಸಿದ್ದರು.