ನಾಲಿ ಬಂದ್

ಇದನ್ನು ನಂಬಬೇಡಿ, ನೋಡೋಣ. ನಂಬದವರ ಸಾಲಿನಲ್ಲಿ ನಮ್ಮ ಊರಿನವರೆಲ್ಲ ಆಗಲೇ ಕೂತಿದ್ದಾರೆ, ಸ್ವಲ್ಪ ಸರಿದು ನಿಮಗೂ ಜಾಗ ಕೊಡುತ್ತಾರೆ. ಕನಕಗಿರಿ ಸೀಮೆಯಲ್ಲಿ ನನ್ನಷ್ಟು ಚೆಂದ ಸುಳ್ಳು ಹೇಳುವವನು ಆ ಕಾಲದಲ್ಲಿ ಇನ್ನೊಬ್ಬ ಇರಲಿಲ್ಲ. ನಮ್ಮ ಕೆರೆಗೆ ಮೊಸಳೆ ಬಂದಿದೆ ಎಂದು ಹಬ್ಬಿಸಿ, ಊರೇ ದಡ ಬಿಟ್ಟು ಓಡಿದ ಮೇಲೆ ಒಬ್ಬನೇ ಕೂತು ಬೇಕಾದಷ್ಟು ಮೀನು ಹಿಡಿದಿದ್ದೆ.

ನಾನು ಹೇಳಹೊರಟಿದ್ದೂ ಆ ಕೆರೆಯದೇ. ಆಗ ನಿಜಾಮರ ಆಳ್ವಿಕೆ, ಹೊಳೆಗೆ ಅಣೆಕಟ್ಟು ಇನ್ನೂ ಬಂದಿರಲಿಲ್ಲ. ಗುಡ್ಡದಿಂದ ಇಳಿಯುವ ಹಳ್ಳ ಊರ ಮಗ್ಗುಲಲ್ಲಿ ಹಾದು ಹೊಳೆ ಸೇರುತ್ತಿತ್ತು. ಅದರ ನೀರನ್ನು ಕೆರೆಗೆ ತಿರುಗಿಸಲು ಹಿರಿಯರು ತೋಡಿದ್ದ ಕಾಲುವೆಗೆ ನಾವು ನಾಲಿ ಅನ್ನುತ್ತಿದ್ದೆವು. ಇದ್ದಿಲು ಸುಡಲು ಗಿಡ ಕಡಿದು ಗುಡ್ಡ ಬೋಳಾದ ಮೇಲೆ ಪ್ರತಿ ಮಳೆಗೂ ಕೆಂಪು ಮಣ್ಣು ಬಂದು ಕೆರೆಯಲ್ಲಿ ಕೂಡುತ್ತಿತ್ತು. ಕೆರೆ ಏರಿಯ ಕೆಳಗೆ ನಮ್ಮ ಚಿಗವ್ವನ ಎಲೆತೋಟ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳ ಬದುಕೆಲ್ಲ ಆ ಎಲೆಬಳ್ಳಿಯ ಮೇಲೆ. ಕೆರೆಯಲ್ಲಿ ನೀರು ನಿಂತರೆ ಅವಳ ಬಾವಿಗೆ ಸೆಲೆ, ಇಲ್ಲದಿದ್ದರೆ ಬಾವಿಯಲ್ಲಿ ಕಪ್ಪೆಯೂ ಇಲ್ಲ.

ಒಂದು ಬೇಸಿಗೆಯಲ್ಲಿ ಸರ್ಕಾರದ ಸಾಹೇಬರೊಬ್ಬರು ಕುದುರೆ ಏರಿ ಬಂದರು. ಹೂಳು ನೋಡಿದರು, ಗುಡ್ಡ ಹತ್ತಿ ಇಳಿದರು, ಬೆವರು ಒರೆಸಿಕೊಳ್ಳುತ್ತ ಗೌಡರಿಗೆ ಉರ್ದುವಿನಲ್ಲಿ ಹೇಳಿದರು: "ಊಪರ್ ಸೆ ನಾಲೆ ಕೋ ಬಾಂಧೋ, ಜಗಾ ಜಗಾ."

ಗೌಡರಿಗೆ ಉರ್ದು ಬರುತ್ತದೆ ಎಂದು ಊರು ನಂಬಿತ್ತು. ಗೌಡರೂ ನಂಬಿದ್ದರು. "ಜೀ ಹುಜೂರ್" ಎಂದು ತಲೆಯಾಡಿಸಿದರು. ಸಾಹೇಬರು ಗಂಗಾವತಿ ದಾರಿ ಹಿಡಿದರು.

ಕಟ್ಟೆಯ ಮೇಲೆ ಕೂತು ಗೌಡರು ನಮಗೆಲ್ಲ ಬಿಡಿಸಿ ಹೇಳಿದರು. "ಹೂಳ ಯಾವ ಕಡಿಂದ ಬರತೈತಿ? ನಾಲ್ಯಾಗಿಂದ. ಅದಕ್ಕ ನಾಲಿ ಬಂದ್ ಮಾಡ್ರಿ ಅಂದಾರ ಸಾಹೇಬ್ರು."

ಚಿಗವ್ವ ಸೆರಗು ಸರಿಮಾಡಿಕೊಂಡು ಕೇಳಿದಳು, "ನೀರೂ ಅದರಾಗಿಂದನ ಬರತೈತಲ್ರಿ ಗೌಡ್ರ?"

"ಮಳಿ ಕೆರಿ ಮ್ಯಾಲ ಬೀಳೂದಿಲ್ಲೇನವಾ? ಮ್ಯಾಲಿಂದ ತುಂಬತೈತಿ ಬಿಡು."

ನನಗೆ ಮೈ ಉರಿಯಿತು. ನಾನು ಬೆಳೆದದ್ದು ಪಕ್ಕದ ಪಿಂಜಾರರ ಮನೆಯ ರೊಟ್ಟಿ ತಿಂದು. ಅವರ ಉರ್ದು ಬೈಗುಳ ಕೂಡ ನನಗೆ ಬಾಯಿಪಾಠ. ಉರ್ದುವಿನಲ್ಲಿ ನಾಲಾ ಎಂದರೆ ಹಳ್ಳ. ಬಾಂಧೋ ಎಂದರೆ ಕಟ್ಟಿರಿ, ಬಂದ್ ಮಾಡಿರಿ ಅಂತಲ್ಲ. ಗುಡ್ಡದ ಮೇಲಿನಿಂದಲೇ ಹಳ್ಳಕ್ಕೆ ಅಲ್ಲಲ್ಲಿ ಕಲ್ಲಿನ ಒಡ್ಡು ಹಾಕಿದರೆ ನೀರು ನಿಂತು ನಿಂತು ಇಳಿಯುತ್ತದೆ, ಮಣ್ಣು ಮೇಲೆಯೇ ಉಳಿಯುತ್ತದೆ. ಸಾಹೇಬರು ಹೇಳಿದ್ದು ಇದು. ಎದ್ದು ನಿಂತು ಅದನ್ನೇ ಹೇಳಿದೆ.

ಗೌಡರು ಮೀಸೆ ತಿರುವಿದರು. "ಹೌದೇನು? ಮತ್ತ ನಿನ್ನ ಮೊಸಳಿ ಏನಂತೈತಪಾ ಇದಕ್ಕ?"

ಕಟ್ಟೆಗೆ ಕಟ್ಟೆಯೇ ನಕ್ಕಿತು.

"ಚಿಗವ್ವಾ, ನೀನರ ಕೇಳು," ಎಂದೆ. "ನಿನ್ನ ತೋಟ ಒಣಗತೈತಿ."

"ನಿನ್ನ ಮಾತ ಕೇಳಿ ಕೆರಿ ಬಿಟ್ಟು ಹಳ್ಳದ ರಾಡ್ಯಾಗ ಅರಿಬಿ ಒಗದೀನಿ. ಸಾಕು ಸುಮ್ಕಿರಪಾ."

ಆಣೆ ಮಾಡಿದೆ. ಮೊಸಳೆಗೂ ಅದೇ ಆಣೆ ಮಾಡಿದ್ದೆ. ಪಿಂಜಾರ ಕಾಕಾ ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದ. ಅವನು ಹತ್ತಿ ಹಿಂಜಲು ಕುಷ್ಟಗಿ ಕಡೆ ಹೋಗಿದ್ದ.

ಮನೆಗೊಂದು ಆಳು ಬರಬೇಕೆಂದು ಡಂಗುರ ಸಾರಿದರು. ನಮ್ಮ ಮನೆಯ ಆಳು ನಾನೇ. ನಾಲಿಯ ಬಾಯಿಗೆ ಕಲ್ಲು ಇಟ್ಟು ಜೇಡಿಮಣ್ಣು ಮೆತ್ತಿದೆವು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನಾನು ಮೆತ್ತಿದ ಕಡೆ ಇರುವೆ ಕೂಡ ನುಸುಳುವಂತಿರಲಿಲ್ಲ.

ಮಳೆ ಹೇಮಗುಡ್ಡದ ಕಡೆಯಿಂದ ಒಂದು ಮಧ್ಯಾಹ್ನ ಬಂತು. ಹಳ್ಳ ಕೆಂಪಗೆ ಉಕ್ಕಿ ಬಂದು, ನಾಲಿಯ ಬಾಯಿಗೆ ಬಡಿದು, ತಿರುಗಿ ಹೊಳೆಯ ಕಡೆ ಓಡಿತು. ಕೆರೆಯಲ್ಲಿ ಎಮ್ಮೆ ಹೊರಳಾಡುವಷ್ಟು ನೀರು ನಿಂತಿತು, ಅಷ್ಟೇ. ಆಗ ಗೌಡರು "ಹಾರಿ ತರ್ರೋ" ಅಂದರು. ಕಲ್ಲು ಕೀಳಲು ಹಾರೆ ತಂದೆವು. ಕಟ್ಟಿದ ಬಾಯಿಯ ಮುಂದೆ ಎದೆಮಟ್ಟದ ಸೆಳವು. ಹಿಂದಿನಿಂದ ಕಲ್ಲು ಕಿತ್ತರೆ ಕಿತ್ತವನ ಮೇಲೆಯೇ ಹಳ್ಳ ಬೀಳುತ್ತಿತ್ತು. ಆದರೂ ಒಬ್ಬ ಇಳಿದ, ಅವನನ್ನು ಹಗ್ಗ ಹಾಕಿ ಎಳೆದುಕೊಂಡರು. ಇಳಿದವನು ಯಾರು ಅಂತ ನಾನು ಹೇಳಬೇಕೇ? ಆಮೇಲೆ ಊರೆಲ್ಲ ದಂಡೆಯ ಮೇಲೆ ಕೈಕಟ್ಟಿ ನಿಂತು, ನಮ್ಮ ನೀರೂ ಗುಡ್ಡದ ಮಣ್ಣೂ ಕೂಡಿ ಹೋಗುವುದನ್ನು ನೋಡಿತು.

ಮರುದಿನ ಕಲ್ಲು ಕಿತ್ತಾಗ ಹಳ್ಳ ನಾಲಿಗಿಂತ ಕೆಳಗೆ ಇಳಿದಿತ್ತು. ಆ ವರ್ಷ ಅಂಥ ಮಳೆ ಮತ್ತೆ ಬರಲಿಲ್ಲ.

ಚಿಗವ್ವನ ಬಾವಿ ಬೇಸಿಗೆಗೆ ಮೊದಲೇ ತಳ ಕಂಡಿತು. ನಾನು ಊರ ಬಾವಿಯಿಂದ ಕೊಡ ಹೊತ್ತು ಬಳ್ಳಿಗೆ ಹಾಕತೊಡಗಿದೆ. ಕುಡಿಯಲಿಕ್ಕೇ ಸಾಲದ ನೀರು, ಊರವರು ತಡೆದರು. ತಡೆದದ್ದು ತಪ್ಪು ಅನ್ನಲಾರೆ. ಬಳ್ಳಿ ತುದಿಯಿಂದ ಒಣಗುತ್ತ ಬುಡಕ್ಕೆ ಬಂತು. ಒಂದು ಬೆಳಿಗ್ಗೆ ತೋಟದಲ್ಲಿ ನಿಂತು ಚಿಗವ್ವ ನನಗೆ ಅಂದಳು, "ಖರೇ ಹೇಳಾಕ ಹೋಗಿ ಕೆಡಿಸಿದಿ ನೋಡು. ಸುಳ್ಳ ಹೇಳಿದ್ರ ನಂಬತಿದ್ವಿ." ಇಬ್ಬರೂ ನಕ್ಕೆವು.

ಇದರಲ್ಲಿ ನಾನು ಕಟ್ಟಿ ಹೇಳಿದ್ದು ಈ ಕೊನೆಯ ಮಾತೊಂದನ್ನೇ. ಚಿಗವ್ವ ಹಾಗೆ ಅನ್ನಲೂ ಇಲ್ಲ, ನಾವು ನಗಲೂ ಇಲ್ಲ. ಒಣಗಿದ ಬಳ್ಳಿಗಳನ್ನು ಒಂದೊಂದಾಗಿ ಬಿಡಿಸಿ, ಒಲೆಗೆ ಆದೀತೆಂದು ಹೊರೆ ಕಟ್ಟಿದಳು. ಹೊರೆ ಎತ್ತಿ ಅವಳ ತಲೆಯ ಮೇಲೆ ಇಟ್ಟವನು ನಾನು.