ಕೈಯಲ್ಲಿ ಹೇಳುವ ‘ಇಲ್ಲ’

ಕಾಲೇಜಿನಲ್ಲಿದ್ದಾಗ ನಾನೊಂದು ಕಾದಂಬರಿ ಬರೆಯಲು ಕೂತಿದ್ದೆ. ರಾಮನಗರದ ಬಂಡೆಗಳ ನೆತ್ತಿಯಲ್ಲಿ ಬದುಕುವ ಜನರ ಕತೆ ಅದು. ಅಲ್ಲಿ ಗಾಳಿ ಅರ್ಧ ಮಾತನ್ನು ಹೊತ್ತೊಯ್ಯುವುದರಿಂದ ಉಳಿದರ್ಧವನ್ನು ಅವರು ಕೈಯಲ್ಲಿ ಆಡುತ್ತಾರೆ. ನನ್ನ ಕಲ್ಪನೆ ಅಷ್ಟೇ. ಅವರಿಗೆ ಭಾಷೆ ಕಟ್ಟಿದವಳು ಅಕ್ಕ. ಆಗ ಅವಳು ಹಾರೋಹಳ್ಳಿಯ ಫ್ಯಾಕ್ಟರಿಯೊಂದಕ್ಕೆ ಹೋಗುತ್ತಿದ್ದಳು. ಮಿಷನ್ನುಗಳ ಸದ್ದಿನಲ್ಲಿ ಅಲ್ಲಿನ ಹೆಂಗಸರು ಕೈಸನ್ನೆಯಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ.

ಅವಳ ನಿಯಮ ಹೀಗಿತ್ತು: ಬಾಯಿ ಸಂಗತಿಯನ್ನು ಹೇಳಬೇಕು. ಅದು ಹೌದೋ ಅಲ್ಲವೋ ಎಂಬುದನ್ನು ಕೈ ಹೇಳಬೇಕು. ಅಂಗೈ ಬಿಚ್ಚಿದರೆ ಹೌದು. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಹಿಡಿದರೆ ಇಲ್ಲ. ‘ಇಲ್ಲ’ಕ್ಕೆ ಒಂದು ಪದ ಬೇಡವೇ ಎಂದು ಕೇಳಿದೆ.

“ಬ್ಯಾಡ ಕಣೆ. ಬಾಯಲ್ಲಂದ್ರೆ ಗಾಳಿಗೆ ಹೋಗ್ಬುಡ್ತದೆ. ಕೈಲೇ ಇರ್ಲಿ,” ಅಂದಳು.

ಊಟಕ್ಕೆ ಕೂತಾಗ “ಸಾರು ಚೆನ್ನಾಗೈತೆ ಕಣವ್ವ” ಎನ್ನುತ್ತಾ ತಟ್ಟೆಯ ಮರೆಯಲ್ಲಿ ಮುಷ್ಟಿ ತೋರಿಸುವಳು. ಅವ್ವ ಹಿಗ್ಗುವಳು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಅಕ್ಕನನ್ನು ಮಾಗಡಿ ಕಡೆಯ ಹಳ್ಳಿಗೆ ಕೊಟ್ಟರು. ಕೆಲಸ ಬಿಡಿಸಿದರು. ಮೊದಲು ದಿನಾ ಬರುತ್ತಿದ್ದ ಫೋನು ವಾರಕ್ಕೊಮ್ಮೆಯಾಯಿತು, ಅದೂ ಭಾವನ ಮೊಬೈಲಿನಿಂದ. “ಚೆನ್ನಾಗಿವ್ನಿ ಕಣೆ,” ಎಂದಷ್ಟೇ ಹೇಳಿ ಇಡುವಳು. ಅವ್ವನಿಗೆ ಅದು ಸಾಕಾಗುತ್ತಿತ್ತು. ನನಗೆ ಸಾಲುತ್ತಿರಲಿಲ್ಲ. ನಾನು ಕೇಳುತ್ತಿದ್ದದ್ದು ಅರ್ಧ ವಾಕ್ಯ. ವಿಡಿಯೊ ಕಾಲ್ ಮಾಡಿದರೆ ಮೊಬೈಲನ್ನು ಅವಳ ಅತ್ತೆಯೇ ಹಿಡಿದಿರುತ್ತಿದ್ದರು. ಅಕ್ಕನ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಮಾಗಡಿ ಬಸ್ಸು ಹತ್ತಿದೆ.

ಅತ್ತೆ ಬಾಗಿಲಲ್ಲೇ ಕೂತಿದ್ದರು. ಭಾವ ಕುರ್ಚಿ ಎಳೆದು ನನ್ನೆದುರೇ ಕೂತ. ಅಕ್ಕ ಕಾಫಿ ತಂದಿಟ್ಟು ಗೋಡೆಗೆ ಒರಗಿ ನಿಂತಳು. ಇಳಿದುಹೋಗಿದ್ದಳು.

“ಹೆಂಗಿದ್ದೀಯಕ್ಕ?”

“ಚೆನ್ನಾಗಿವ್ನಿ.” ಸೆರಗಿನ ಕೆಳಗೆ ಇಳಿಬಿಟ್ಟಿದ್ದ ಅವಳ ಬಲಗೈ ಮುಷ್ಟಿಯಾಯಿತು. ಹೆಬ್ಬೆರಳು ಒಳಗಿತ್ತು.

ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ.

“ಸರಿಯಾಗಿ ಉಣ್ತೀಯಾ?”

“ಉಣ್ತೀನಿ.” ಮುಷ್ಟಿ.

“ಹೊರಗಡೆ ಓಡಾಡ್ತೀಯಾ?”

“ಹೂಂ, ಓಡಾಡ್ತೀನಿ.” ಮುಷ್ಟಿ.

ಅತ್ತೆ ತಿರುಗಿ ನೋಡಿದರು. “ಕೈಗೇನಾಗೈತೆ ನಿಂಗೆ?”

“ಒಸಿ ಸೆಳೀತೈತೆ ಅಷ್ಟೇ ಅತ್ತೆ.”

ಕೊನೆಗೆ, “ಹಂಗಾರೆ ನಾನು ಬರ್ಲಾ ಅಕ್ಕ?” ಎಂದೆ.

“ಹೂಂ, ಹೋಗು,” ಅಂದಳು. ಮುಷ್ಟಿ ಎಷ್ಟು ಬಿಗಿಯಾಗಿತ್ತೆಂದರೆ ಗೆಣ್ಣುಗಳು ಬೆಳ್ಳಗಾಗಿದ್ದವು.

ಹೋಗಬೇಡ ಎನ್ನುತ್ತಿದ್ದಾಳೆ. ಏನು ಮಾಡುವುದೆಂದು ತೋಚದೆ ಅಪ್ಪನಿಗೆ ಫೋನು ಹಚ್ಚಿದೆ. ಅವರು ಎತ್ತಿದ್ದೇ ತಡ, “ಅಯ್ಯೋ, ಅವ್ವಂಗೆ ಜ್ವರ ಜಾಸ್ತಿ ಆಗೈತಾ? ಅಕ್ಕನ್ನ ನೋಡ್ಬೇಕು ಅಂತಾವ್ಳಾ?” ಎಂದೆ.

“ಯಾವ ಜ್ವರವೇ? ಇಲ್ಲೇ ರಾಗಿ ಕೇರ್ತಾ ಕೂತವ್ಳೆ,” ಎಂದರು ಅಪ್ಪ. ಅವರದು ದೊಡ್ಡ ಗಂಟಲು. ಭಾವನಿಗೆಲ್ಲಿ ಕೇಳಿಸೀತೋ ಎಂದು ಮೊಬೈಲನ್ನು ಕಿವಿ ನೋಯುವಷ್ಟು ಒತ್ತಿ ಹಿಡಿದೆ. “ಸರಿ, ಕರ್ಕಂಡ್ ಬತ್ತೀನಿ,” ಎಂದು ಕಟ್ ಮಾಡಿದೆ.

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನಾಳೆ ಹೊತ್ತು ಮುಳುಗೋದ್ರೊಳಗೆ ವಾಪಸ್ ಬಂದ್ಬುಡ್ಬೇಕು,” ಅಂದ ಭಾವ. ಉಟ್ಟ ಸೀರೆಯಲ್ಲೇ ಅಕ್ಕ ಹೊರಟಳು. ಅವನು ಬಸ್ ಸ್ಟ್ಯಾಂಡಿನವರೆಗೂ ಬಂದು, ಬಸ್ಸು ಹೊರಡುವ ತನಕ ನಮ್ಮ ಕಿಟಕಿಯ ಪಕ್ಕದಲ್ಲೇ ನಿಂತಿದ್ದ. ಇಬ್ಬರೂ ರಾಮನಗರದ ನಮ್ಮ ಮನೆ ತಲುಪಿದೆವು.

ಮಾರನೆಯ ದಿನ ತಲೆಗೆ ಎಣ್ಣೆ ಹಚ್ಚುವಾಗ ಅವ್ವ ಅವಳ ಕತ್ತಿನ ಹಿಂದೆ ಸುಟ್ಟ ಗಾಯಗಳನ್ನು ಕಂಡಳು. ಭಾವ ಎರಡು ಸಲ ತನ್ನೂರಿನ ಹಿರಿಯರನ್ನು ಬೈಕುಗಳಲ್ಲಿ ಕರೆದುಕೊಂಡು ಬಂದ. ಅಪ್ಪ ಹೊಸಿಲಿನಿಂದ ಕದಲಲಿಲ್ಲ. ಆಮೇಲೆ ಠಾಣೆಗೆ ದೂರು ಕೊಟ್ಟೆವು. ಅಕ್ಕ ಮತ್ತೆ ಹಾರೋಹಳ್ಳಿಯ ಕೆಲಸಕ್ಕೆ ಹೋಗುತ್ತಿದ್ದಾಳೆ.

ಮನೆಯ ಮುಂದೆ ಬೈಕು ನಿಂತ ಸದ್ದಾದರೆ ಈಗಲೂ ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ಒಳಕೋಣೆಗೆ ಹೋಗುತ್ತಾಳೆ. ಯಾರೆಂದು ನೋಡಲು ನಾನು ಹೋಗುತ್ತೇನೆ. ಚಿಲಕ ತೆಗೆಯುವ ಮೊದಲು ಕಿಟಕಿಯಿಂದ ಇಣುಕುತ್ತೇನೆ.